ನಾಂಬೇವೆ ಹೇಗೆ ಹೋದಳು

ಶನಿವಾರ ನನ್ನ ತಲೆ ಬೋಳಿಸುತ್ತಾರೆ. ಅಲ್ಲಿಗೆ ಈ ಊರಿಗೂ ನನಗೂ ಸಂಬಂಧ ಮುಗೀತು. ಹೆಂಡತಿಯ ಊರಿಗೆ ಬಂದು ಬಾಳಿದ ಗಂಡಸು, ಹೆಂಡತಿ ಹೋದ ಮೇಲೆ ಸೂತಕ ಕಳೆದುಕೊಂಡು ತಾಯಿಯ ಊರಿಗೆ ಹೊರಡಬೇಕು, ಅಷ್ಟೆ. ಮೂವತ್ತೊಂದು ವರ್ಷ ಈ ಸರೋವರದ ದಂಡೆಯಲ್ಲಿ ಕೂತು ಬಲೆ ಹೆಣೆದೆ. ಈಗ ಅಕ್ಕನ ಮಗ ಸೈಕಲ್ಲು ತರುತ್ತಾನಂತೆ. ಜೋಳದ ಮೂಟೆಯ ಹಾಗೆ ನಾನು ಹಿಂದೆ ಕೂರಬೇಕಂತೆ.

ಹೋಗುವುದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಒಂದು ಸಂಗತಿ ತಿಳಿಯದೆ ಹೋಗಲಾರೆ. ನನ್ನ ನಾಂಬೇವೆ ಸಾಯುವಾಗ ಹೇಗಿದ್ದಳು? ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ನಾನು ಹೊರಗಡೆ ಬೆಂಚಿನ ಮೇಲಿದ್ದೆ. ನಡುವೆ ಒಂದೇ ಒಂದು ಗೋಡೆ. ಅವಳ ಹತ್ತಿರ ಇದ್ದದ್ದು ಅವಳ ತಂಗಿಯ ಮಗಳು ಫತ್ಸಾನಿ ಒಬ್ಬಳೇ.

"ಹೇಗೆ ಹೋದ್ಳೇ?" ಅಂತ ಕೇಳಿದರೆ "ನೆಮ್ಮದಿಯಾಗಿ ಹೋದ್ರು ದೊಡ್ಡಪ್ಪ" ಅನ್ನುತ್ತಾಳೆ. ಪಾದ್ರಿಯೂ ಅದನ್ನೇ ಅಂದ. ಊರ ಮುಖಂಡನೂ ಅದನ್ನೇ ಅಂದ. ಅವರಿಬ್ಬರೂ ಅಲ್ಲಿ ಇರಲೇ ಇಲ್ಲ! ನೆಮ್ಮದಿಯಂತೆ, ನೆಮ್ಮದಿ. ಅದೂ ಒಂದು ಮಾತಾ?

ನನಗೆ ಕಣ್ಣು ಹೋಗಿ ಹನ್ನೆರಡು ವರ್ಷ. ನಾಂಬೇವೆ ಇರುವ ತನಕ ನಾನು ಕುರುಡ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು "ನೀರು ಫೇ..." ಅನ್ನುತ್ತಿದ್ದಳು. ಅಷ್ಟೇ. ಒಂದಲೆಯೂ ಇಲ್ಲದೆ ಹಾಸಿಬಿದ್ದ ನೀರು ನನ್ನ ಮುಂದೆ ಬಂದು ನಿಲ್ಲುತ್ತಿತ್ತು. ಮೆಣಸಿನಕಾಯಿ ಹಣ್ಣಾಗಿ "ಪ್ಸೂ" ಅಂದಳೆಂದರೆ ಆ ಕೆಂಪಿಗೆ ಕಣ್ಣು ಚುರುಗುಟ್ಟುತ್ತಿತ್ತು. ಪಾದ್ರಿಯ ಹೆಂಡತಿಯ ನಡಿಗೆಯನ್ನು ಒಂದೇ ಸದ್ದಿನಲ್ಲಿ ಹೇಳಿ ತೋರಿಸಿದ ದಿನ ನಾನು ನಕ್ಕು ನಕ್ಕು ಬಲೆಯ ಸೂಜಿ ಕೈಗೆ ಚುಚ್ಚಿಕೊಂಡಿದ್ದೆ. ನಮ್ಮ ಹಳ್ಳಿಯ ಈ ಸದ್ದಿನ ಮಾತುಗಳಿಗೆ ಅರ್ಥ ಹೇಳು ಅಂದರೆ ನನಗೆ ಬರುವುದಿಲ್ಲ. ಅಂದ ಕೂಡಲೇ ಕಾಣುತ್ತದೆ, ಅಷ್ಟು ಗೊತ್ತು. ಕಣ್ಣಾರೆ ನೋಡದವರ ಬಾಯಲ್ಲಿ ಅವು ಸರಿಯಾಗಿ ಬರುವುದೂ ಇಲ್ಲ.

ಫತ್ಸಾನಿ ಪಟ್ಟಣದಲ್ಲಿ ಓದಿದವಳು. "ನೀರು ಹೇಗಿದೆಯೇ?" ಅಂದರೆ "ಚೆನ್ನಾಗಿದೆ ದೊಡ್ಡಪ್ಪ." "ದೋಣಿಗಳು?" "ಇವೆ ದೊಡ್ಡಪ್ಪ." ಇವೆಯಂತೆ! ಹುಡುಗಿ ಒಳ್ಳೆಯವಳೇ, ಇಲ್ಲ ಅನ್ನೋದಿಲ್ಲ. ನ್ಸಿಮಾ ಮುದ್ದೆ ಬಿಸಿಬಿಸಿಯಾಗಿ ಬಡಿಸುತ್ತಾಳೆ, ಮೀನಿನ ಮುಳ್ಳು ಬಿಡಿಸಿ ಕೊಡುತ್ತಾಳೆ. ಆದರೆ ಎರಡು ತಿಂಗಳಿಂದ ನನಗೆ ಏನೂ ಕಂಡಿಲ್ಲ. ಎಷ್ಟು ಒಂಟಿಯಾಗಿಬಿಟ್ಟಿದ್ದೇನೆ ಅಂದರೆ, ಕೈಯಲ್ಲಿರುವ ಬಲೆಯ ಜೊತೆ ಮಾತಾಡುತ್ತೇನೆ.

ಶುಕ್ರವಾರ ಬೆಳಿಗ್ಗೆ ಅವಳು ನನ್ನ ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಲೇ, ಕೂತ್ಕೋ ಇಲ್ಲಿ. ನಾಳೆ ನಾನು ಹೊರಟುಹೋಗ್ತೀನಿ. ನಿನ್ನ ದೊಡ್ಡಮ್ಮ ಹೇಗೆ ಹೋದ್ಳು?"

"ಎಷ್ಟು ಸಲ ಹೇಳ್ಲಿ ದೊಡ್ಡಪ್ಪ? ನೆಮ್ಮದಿಯಾಗಿ..."

"ಸುಡು ನಿನ್ನ ನೆಮ್ಮದಿ! ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ನೀನು ನೋಡಿದ್ದು ಹೇಳು. ಫೇ ಅಂತ ಮಲಗಿದ್ಳಾ? ಎಲ್ಲಿ, ನಿನ್ನ ಬಾಯಲ್ಲಿ ಹೇಳು ನೋಡೋಣ, ಫೇ ಅಂತ."

"ಫ್..." ಅಂದಳು. ಮುಂದಕ್ಕೆ ಬರಲಿಲ್ಲ. ಮೂಗು ಎಳೆದುಕೊಳ್ಳುವುದು ಕೇಳಿಸಿತು.

"ನಂಗೆ ಅವೆಲ್ಲ ಬರಲ್ಲ ದೊಡ್ಡಪ್ಪ. ಸ್ಕೂಲಲ್ಲಿ ಹಳ್ಳಿ ಗುಗ್ಗು ಅಂತ ನಗ್ತಿದ್ರು. ಬಿಟ್ಟುಬಿಟ್ಟೆ."

"ಬರುತ್ತೆ ಕಣೇ. ಆವತ್ತು ಏನು ನೋಡಿದೆ, ಅದನ್ನ ನೆನೆಸ್ಕೋ."

ಗಂಟು ಬಿಟ್ಟು ನನ್ನೆದುರು ಬಂದು ಕೂತಳು. ಆಮೇಲೆ ನನ್ನ ಬಲಗೈ ಎತ್ತಿ, ಎರಡು ಬೆರಳನ್ನು ತನ್ನ ಮುಚ್ಚಿದ ರೆಪ್ಪೆಗಳ ಮೇಲಿಟ್ಟುಕೊಂಡಳು. ರೆಪ್ಪೆ ಒದ್ದೆಯಾಗಿತ್ತು.

"ವಾಯಾ-ವಾಯಾ," ಅಂದಳು, ಮೆಲ್ಲಗೆ. ನನ್ನ ಬೆರಳ ಕೆಳಗೆ ಅವಳ ಕಣ್ಣುಗುಡ್ಡೆ ಅತ್ತ ಹೋಯಿತು, ಇತ್ತ ಬಂತು. "ವಾಯಾ-ವಾಯಾ, ವಾಯಾ-ವಾಯಾ..." ಬಾಗಿಲಿಗೆ, ಕಿಟಕಿಗೆ, ಮತ್ತೆ ಬಾಗಿಲಿಗೆ.

ಕಂಡಳು. ಅಯ್ಯೋ ದೇವರೇ, ಕಂಡಳು ನನ್ನ ನಾಂಬೇವೆ. ಆ ಮಂಚ, ಆ ದಿಂಬು, ಎದ್ದು ಕೂರಲಾಗದ ಮೈ, ಅಲೆದಾಡುವ ಆ ಎರಡು ಕಣ್ಣು.

"ನನ್ನನ್ನ ಹುಡುಕ್ತಿದ್ಳಾ?"

"ಹ್ಞೂಂ. ಹೊರಗೇ ಕೂತಿದ್ದಾರೆ ದೊಡ್ಡಮ್ಮ ಅಂದೆ. ನಂಬಲಿಲ್ಲ. ನರ್ಸಮ್ಮನ್ನ ಕೇಳಿ ನಿಮ್ಮನ್ನ ಒಳಗೆ ಕರ್ಕೊಂಡು ಬರೋಣ ಅಂತ ಎದ್ದು ಹೋದೆ. ವಾಪಸ್ ಬರೋದ್ರೊಳಗೆ..."

ಆ ಹೊತ್ತಿನಲ್ಲಿ ನಾನು ಬೆಂಚಿನ ಮೇಲೆ ಏನು ಮಾಡುತ್ತಿದ್ದೆ ಅಂತ ನನಗೆ ಚೆನ್ನಾಗಿ ನೆನಪಿದೆ. ಪಕ್ಕದಲ್ಲಿ ಕೂತವನಿಗೆ ಪಿಸುಗುಟ್ಟಿಕೊಂಡು ಬಲೆಯ ದಾರದ ವಿಷಯ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಗದ್ದಲ ಮಾಡಬಾರದಲ್ಲ! ಊರೆಲ್ಲ ಕೇಳುವ ಹಾಗೆ ಬೈಯುವ ಗಂಟಲು ನನ್ನದು. ಅವತ್ತು ಒಂದೇ ಒಂದು ಸಲ "ಏಯ್ ನಾಂಬೇವೆ, ಇಲ್ಲೇ ಇದ್ದೀನಿ" ಅಂತ ಕೂಗಿದ್ದರೆ ಸಾಕಿತ್ತು. ಹನ್ನೆರಡು ವರ್ಷ ನನಗೆ ಲೋಕವನ್ನೇ ಕೂಗಿ ಹೇಳಿದವಳಿಗೆ ನಾನು ಅಷ್ಟೂ ಹೇಳಲಿಲ್ಲ.

ಫತ್ಸಾನಿ ಬಿಕ್ಕುತ್ತ ನನ್ನ ಕೈ ಸರಿಸಲು ನೋಡಿದಳು.

"ತೆಗೀಬೇಡ ಮಗಳೇ," ಅಂದೆ. "ಇನ್ನೊಂದು ಸಲ ಹೇಳು."

ಹೇಳಿದಳು.