ಗುರುವಾರದ ಟೋಸ್ಟ್

ಕೆಂಪು ಆರಿ ಬೂದು ಬಣ್ಣಕ್ಕೆ ತಿರುಗುತ್ತಿದೆ ಕೀಮಾ, ಇನ್ನೆರಡು ನಿಮಿಷ, ಮರದ ಸೌಟಿನಿಂದ ಗಂಟು ಒಡೆಯುತ್ತಲೇ ಇರಬೇಕು, ದನದ ಕೊಬ್ಬು ಬಾಣಲೆಯ ಅಂಚಿನಲ್ಲಿ ಚಿಟಿಚಿಟಿ ಅನ್ನುತ್ತಿದೆ, ಈರುಳ್ಳಿ ಮೆತ್ತಗಾಗಿದೆ, ಒಂದು ಚಮಚ ಸಾಸಿವೆ ಸಾಸು, ಎರಡು ಚಮಚ ಕೆಚಪ್, ಕರಿಮೆಣಸಿನ ಪುಡಿ, ಅಷ್ಟೇ, ಕೆಲಸದಿಂದ ಬಂದು ಕೋಟು ಕಳಚಿದ ಇಪ್ಪತ್ತು ನಿಮಿಷಕ್ಕೆ ಊಟ ತಟ್ಟೆಗೆ ಬರುತ್ತದೆ, ಅದಕ್ಕೇ ಇದನ್ನು ಮಾಡುತ್ತೇನೆ, ಬೇರೆ ಕಾರಣವಿಲ್ಲ — ಬೆನ್ನ ಹಿಂದೆ ಅಪ್ಪ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದಾನೆ, ಒಂದು, ಎರಡು, ಮೂರು, ಕರ್ಟಿಸ್ ಇಲ್ಲ ಅಪ್ಪ, ಬೌಲಿಂಗಿಗೆ ಹೋಗಿದ್ದಾನೆ, ಇವತ್ತು ಗುರುವಾರ, ಓ ಗುರುವಾರಾನಾ, ಹಾಗಾದ್ರೆ ಟೋಸ್ಟು ಅನ್ನು, ನಿಂಗೆ ಬೇರೆ ಅಡುಗೆನೇ ಬರಲ್ವೇನೇ ಮಾರ್ಲಾ, ಎಂದು ನಗುತ್ತಾನೆ, ಹೆಸರು ಸರಿಯಾಗಿ ಹೇಳಿದ, ಇವತ್ತು ಒಳ್ಳೆಯ ದಿನ. ಹೋದ ವಾರ ಕರ್ಟಿಸ್ ಕೇಳಿದ, ಗುರುವಾರ ನಾನು ವಾಪಸ್ ಬಂದಾಗೆಲ್ಲ ನಿಮ್ಮಪ್ಪ ಯಾಕೆ ಅತ್ತವರ ಥರ ಇರ್ತಾರೆ, ಈರುಳ್ಳಿ ಹೆಚ್ಚಲು ಕೊಟ್ಟಿದ್ದೆ ಎಂದೆ, ಎಷ್ಟು ಸಲೀಸಾಗಿ ಬಂತು ಗಂಡನ ಮುಂದೆ ಆ ಸುಳ್ಳು, ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ನನ್ನದು ಹಾಗೂ ಇಲ್ಲ, ಪಳಗಿಬಿಟ್ಟಿದೆ.

ಬ್ರೆಡ್ಡಿಗೆ ಬೆಣ್ಣೆ ಒಂದೇ ಬದಿಗೆ, ಕೀಮಾವನ್ನು ಅಂಚಿನವರೆಗೂ ಹರಡಬೇಕು, ಇಲ್ಲದಿದ್ದರೆ ಮೂಲೆ ಸೀದುಹೋಗುತ್ತದೆ, ವೆಂಡೆಲ್‌ಗೆ ಸೀದ ಮೂಲೆಯೇ ಇಷ್ಟ, ಇಷ್ಟವಾಗಿತ್ತು, ಅಕ್ಕಾ ಇನ್ನೊಂದು ನಿಮಿಷ ಬಿಡೇ ಕರ್‍ರಗಾಗ್ಲಿ, ಅನ್ನುತ್ತಿದ್ದ ನನ್ನ ತಮ್ಮ — ಅವತ್ತೂ ಗುರುವಾರ, ಹೋದ ವರ್ಷದ ಫೆಬ್ರವರಿ, ಸಕ್ಕರೆ ಕಾರ್ಖಾನೆಯಲ್ಲಿ ಬೀಟ್ ಗೆಡ್ಡೆ ಅರೆದು ಸಕ್ಕರೆ ತೆಗೆಯುವ ಕಾಲ, ಅವನಿಗೆ ಎರಡೆರಡು ಪಾಳಿ, ಆಗ ಅಪ್ಪ ಇದ್ದದ್ದು ಅವನ ಜೊತೆ, ಇಬ್ಬರು ಗಂಡಸರೂ ಡಬ್ಬದ ಸೂಪಿನಲ್ಲೇ ಬದುಕುತ್ತಿದ್ದಾರಲ್ಲ ಎಂದು ನಾನೇ ಹೋಗಿ ಅವರ ಅಡುಗೆಮನೆಯಲ್ಲಿ ಇದೇ ಟೋಸ್ಟ್ ಮಾಡಿದೆ, ಓವನ್ನಿನ ಮೇಲುರಿ ಹಚ್ಚಿದೆ, ಕೊಬ್ಬು ಸುಟ್ಟು ಹೊಗೆ ಎದ್ದಿತು, ಛಾವಣಿಗೆ ಹಾಕಿದ್ದ ಹೊಗೆಯ ಅಲಾರಂ ಕೂಗಿತು, ಪಾಳಿ ಮುಗಿಸಿ ಮಲಗಿದ್ದ ವೆಂಡೆಲ್‌ಗೆ ಎಚ್ಚರವಾಗುತ್ತದೆಂದು ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತೆ, ಎಲ್ಲರೂ ಮಾಡುವುದೇ, ಈ ಬೀದಿಯಲ್ಲಿ ಹಾಗೆ ಮಾಡದ ಒಬ್ಬ ಹೆಂಗಸನ್ನು ತೋರಿಸಿ, ಊಟವಾದ ಮೇಲೆ ಹಾಕಿದರಾಯಿತೆಂದು ಕೋಟಿನ ಜೇಬಿಗೆ ಸೇರಿಸಿದೆ, ವೆಂಡೆಲ್ ಎದ್ದು ಬಂದ, ಊಟವಾಯಿತು, ಪಾತ್ರೆ ತೊಳೆದೆ, ಹಿಮ ಬೀಳತೊಡಗಿತು, ರಸ್ತೆ ಮುಚ್ಚುವ ಮೊದಲು ಹೊರಡು ಅಂದರು, ಹೊರಟೆ. ಶನಿವಾರ ಅಪ್ಪನನ್ನು ಎರಡು ದಿನಕ್ಕೆಂದು ನಮ್ಮ ಮನೆಗೆ ಕರೆತಂದೆ. ಭಾನುವಾರ ಬೆಳಗಿನ ಜಾವ ಅವರ ಮನೆಯಲ್ಲಿ ಹೀಟರಿನಿಂದ ಪರದೆಗೆ ಬೆಂಕಿ ತಗುಲಿತು, ವೆಂಡೆಲ್ ಏಳಲಿಲ್ಲ, ಎಬ್ಬಿಸುವಂಥದು ಏನೂ ಕೂಗಲಿಲ್ಲ. ಮೂವತ್ತೊಂಬತ್ತು ಅವನಿಗೆ.

ಮಂಗಳವಾರ ತನಿಖೆಯವನು ಬಂದು ಈ ಮೇಜಿನ ಬಳಿಯೇ ಕೂತು ಹೇಳಿದ, ಅಲಾರಮ್ಮಿನಲ್ಲಿ ಬ್ಯಾಟರಿ ಇರ್ಲಿಲ್ಲ ಸಾರ್, ತುಂಬಾ ಮನೇಲಿ ಹೀಗೇ, ಅಪ್ಪ ಮುಖ ಎತ್ತಿ ಛಾವಣಿ ನೋಡಿದ, ಅಲ್ಲಿ ಉತ್ತರ ಬರೆದಿಟ್ಟಿರುವಂತೆ, ನೋಡಿ ನೋಡಿ, ನಾನೇ ತೆಗೆದಿರ್ಬೇಕು, ಎಂದ, ಅಪ್ಪನಿಗೆ ನೆಲದಡಿಯ ಲೋಹ ಹುಡುಕುವ ಯಂತ್ರದ ಹುಚ್ಚು, ಬೇಸಿಗೆಯೆಲ್ಲ ಸರೋವರದ ದಂಡೆಯಲ್ಲಿ ಅದನ್ನು ಆಡಿಸುತ್ತಾ ಬೀಗದ ಕೈ, ಕೋಟಿನ ಗುಂಡಿ ಹೆಕ್ಕುವುದು, ಅದಕ್ಕೂ ಅಂಥದೇ ಚೌಕದ ಬ್ಯಾಟರಿ, ಮನೆಯಲ್ಲಿ ಕಣ್ಣಿಗೆ ಬಿದ್ದದ್ದರಿಂದೆಲ್ಲ ಕಿತ್ತು ಹಾಕಿಕೊಳ್ಳುವ ಚಾಳಿ, ನೆನಪಿಲ್ಲ, ಆದ್ರೆ ನಾನಲ್ದೆ ಇನ್ಯಾರು ತೆಗೀತಾರೆ ಹೇಳಿ — ನನ್ನ ಕೈ ಕೋಟಿನ ಜೇಬಿನಲ್ಲಿತ್ತು, ಬ್ಯಾಟರಿಯ ತಣ್ಣನೆಯ ಎರಡು ಗುಬುಟು ಬೆರಳಿಗೆ ತಾಗುತ್ತಿದ್ದವು, ಆಗ ಬಾಯಿ ಬಿಟ್ಟಿದ್ದರೆ ನಿಲ್ಲುತ್ತಿತ್ತು, ಆಗಿನ್ನೂ ಅಪ್ಪ ಸಣ್ಣಪುಟ್ಟದ್ದನ್ನಷ್ಟೇ ಮರೆಯುತ್ತಿದ್ದ, ಇಂಥದನ್ನು ಮರೆಯುತ್ತಿರಲಿಲ್ಲ, ನಾನು ಬಾಯಿ ಬಿಡಲಿಲ್ಲ. ಎಂಟು ತಿಂಗಳು ಬಿಡಲಿಲ್ಲ. ಆಮೇಲೆ ಡಾಕ್ಟರಮ್ಮ ಅಪ್ಪನ ತಲೆಯ ಚಿತ್ರ ತೋರಿಸಿ, ಇನ್ಮೇಲೆ ಹೊಸದೇನೂ ಇವರ ಮನಸ್ಸಲ್ಲಿ ನಿಲ್ಲಲ್ಲ ಮಾರ್ಲಾ, ಹಳೇದು ಸ್ವಲ್ಪ ಕಾಲ ಇರುತ್ತೆ, ಎಂದರು, ಆ ವಾರವೇ ಹೇಳಿದೆ, ಎಂಥ ಧೈರ್ಯ ನಿನ್ನದು, ಬೆಳಗಾಗುವಷ್ಟರಲ್ಲಿ ಅಳಿಸಿಹೋಗುತ್ತದೆಂದು ಗೊತ್ತಾದ ಮೇಲೆ ಬಂದ ಧೈರ್ಯ. ಟೋಸ್ಟ್ ಓವನ್ನಿನಲ್ಲಿತ್ತು, ಈ ಮನೆಯ ಅಲಾರಂ ಕೂಗಿತು, ಅಪ್ಪ ಮುಖ ಎತ್ತಿದ, ಅವತ್ತು ನಾನೇ ತೆಗೆದಿದ್ನಾ ಮಾರ್ಲಾ, ಇಲ್ಲಪ್ಪಾ, ನಾನು, ಜೇಬಲ್ಲಿಟ್ಕೊಂಡು ಮರೆತೆ, ಅಪ್ಪ ಮೇಜಿಗೆ ಹಣೆ ಹಚ್ಚಿ ಅತ್ತ, ಮಗ ಈಗ ತಾನೇ ಸತ್ತಂತೆ ಅತ್ತ, ಕೊಂದವಳು ಎದುರಿಗೇ ನಿಂತಿದ್ದಳಲ್ಲ, ಆಮೇಲೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡ, ಇಷ್ಟು ದಿನ ಒಬ್ಳೇ ಹೊತ್ಕೊಂಡಿದ್ಯಾ ಇದನ್ನ, ಬಾ ಇಲ್ಲಿ, ಬಾ. ಆ ರಾತ್ರಿ ಸತ್ತವಳಂತೆ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದರೆ ಅಪ್ಪ ಕಾಫಿ ಕಪ್ಪು ಹಿಡಿದು ನಡುಮನೆಯಲ್ಲಿ ನಿಂತಿದ್ದಾನೆ, ಮುಖ ಛಾವಣಿಯ ಕಡೆ, ನಾನೇ ತೆಗೆದಿರ್ಬೇಕು ಅಲ್ವಾ, ಕ್ಷಮಿಸಿದ್ದು ಮರೆತಿದ್ದ, ತಪ್ಪು ಮಾತ್ರ ಹಾಗೇ ಉಳಿದಿತ್ತು, ಕ್ಷಮೆ ನನ್ನ ಪಾಲಿಗೆ, ತಪ್ಪು ಅವನ ಪಾಲಿಗೆ.

ಚೀಸ್ ತುರಿದು ಮೇಲೆ ಉದುರಿಸಿದ್ದಾಯಿತು, ಧಾರಾಳವಾಗಿ, ಚೀಸ್ ಕರಗಿ ತಟ್ಟೆಗೆ ಇಳಿದರೇ ಹೊಗೆ — ಹೇಳಿಬಿಡು ಮಾರ್ಲಾ, ಇಲ್ಲಿ ಕೇಳುವವರು ಯಾರಿದ್ದಾರೆ, ಇಪ್ಪತ್ತು ನಿಮಿಷದ ಊಟವಂತೆ, ಟೋಸ್ಟ್ ಇಲ್ಲದೆ ಹೊಗೆ ಇಲ್ಲ, ಹೊಗೆ ಇಲ್ಲದೆ ಅಲಾರಂ ಇಲ್ಲ, ಅಲಾರಂ ಕೂಗದೆ ಅಪ್ಪ ಕೇಳುವುದಿಲ್ಲ, ಕೇಳದೆ ನಾನು ಹೇಳುವುದಿಲ್ಲ, ಹೇಳದೆ ಆ ಕೈ ನನ್ನ ಮಣಿಕಟ್ಟಿಗೆ ಬರುವುದಿಲ್ಲ, ಅದಕ್ಕೇ ಕರ್ಟಿಸ್ ಇಲ್ಲದ ದಿನ, ಅದಕ್ಕೇ ಗುರುವಾರ, ಹನ್ನೊಂದು ಗುರುವಾರ ಅಪ್ಪನನ್ನು ಅಳಿಸಿ ನಾನು ನಿದ್ದೆ ಮಾಡಿದ್ದೇನೆ. ನಾಚಿಕೆಯಾಗುತ್ತದೆ, ನಾಚಿಕೆಯಾದರೂ ಬುಧವಾರ ಕೀಮಾ ತರುತ್ತೇನೆ. ಫ್ರಿಜ್ಜಿನ ಬಾಗಿಲ ಮೇಲೆ ಅಪ್ಪನಿಗೆಂದು ಕರ್ಟಿಸ್ ಅಂಟಿಸಿದ ಚೀಟಿಗಳು, ಒಲೆ ಮುಟ್ಟಬೇಡಿ, ಬೂಟು ಬಾಗಿಲ ಹಿಂದಿದೆ, ಅವನ್ನು ಅಪ್ಪ ದಿನಾ ಬೆಳಿಗ್ಗೆ ಓದುತ್ತಾನೆ, ನಂಬುತ್ತಾನೆ, ಬ್ಯಾಟರಿ ತೆಗೆದವಳು ಮಾರ್ಲಾ, ನೀವಲ್ಲ, ಎಂದು ಒಂದು ಚೀಟಿ ಅಂಟಿಸಿದರೆ ಸಾಕು, ಒಂದು ನಿಮಿಷದ ಕೆಲಸ, ಅಂಟಿಸಿಲ್ಲ, ಕರ್ಟಿಸ್ ಓದುತ್ತಾನೆ, ಊರು ಓದುತ್ತದೆ. ಇವತ್ತು ಅಂಟಿಸುತ್ತೇನೆ, ಆಣೆ, ಇದೇ ಕೊನೆಯ ಸಲ, ಹೇಳಿ, ಅವನು ಮಲಗಿದ ಮೇಲೆ ಬರೆದು ಅಂಟಿಸುತ್ತೇನೆ, ಕರ್ಟಿಸ್ ಬಂದು ಓದಲಿ, ಏನಾದರೂ ಅನ್ನಲಿ.

ಮೇಲುರಿ ಕೆಂಪಾಗಿದೆ, ತಟ್ಟೆ ಒಳಗೆ, ಚೀಸ್ ಗುಳ್ಳೆ ಏಳುತ್ತಿದೆ, ಕಂದು ಚುಕ್ಕೆ, ಮೂಲೆಗಳಿಂದ ಎಳೆಯಾಗಿ ಹೊಗೆ, ಅಪ್ಪ ಮುಳ್ಳುಚಮಚ ನೇರ ಮಾಡುತ್ತಾ, ಒಳ್ಳೆ ವಾಸನೆ ಕಣೇ, ಅನ್ನುತ್ತಾನೆ, ಈಗ, ಈಗ ಕೂಗಬೇಕು, ಕೂಗಿತು, ನಾನು ಬಾಗಿಲು ತೆಗೆಯುವುದಿಲ್ಲ, ಟವೆಲ್ ಬೀಸುವುದಿಲ್ಲ, ಅಪ್ಪ ಮುಖ ಎತ್ತಿದ, ಕೇಳು ಅಪ್ಪಾ, ಕೇಳು — ಅಪ್ಪ ಕೇಳುವುದಿಲ್ಲ. ನಾನೇ ತೆಗೆದೆ, ಅನ್ನುತ್ತಾನೆ, ಧ್ವನಿ ಸ್ಪಷ್ಟವಾಗಿದೆ, ಈಗ ಎಲ್ಲಾ ನೆನಪಾಯ್ತು ಮಾರ್ಲಾ, ಕುರ್ಚಿ ಹತ್ತಿದೆ, ಮುಚ್ಚಳ ಬಿಗಿಯಾಗಿತ್ತು, ಹೆಬ್ಬೆರಳಿನ ಉಗುರು ಮುರೀತು, ಹಿಮ ಬೀಳ್ತಿತ್ತು, ಜೇಬಲ್ಲಿಟ್ಕೊಂಡು ಮರೆತೆ — ಉಗುರು ನನ್ನದು, ಜೇಬು ನನ್ನದು, ಹನ್ನೊಂದು ಗುರುವಾರ ನಾನೇ ಒಂದೊಂದಾಗಿ ಅವನ ಕಿವಿಗೆ ಹಾಕಿದ್ದು, ಹೊಸದೇನೂ ನಿಲ್ಲಲ್ಲ ಅಂದರಲ್ಲ ಡಾಕ್ಟರಮ್ಮ, ನಿಂತಿದೆ, ಎಲ್ಲವೂ ನಿಂತಿದೆ, ನನ್ನ ಹೆಸರೊಂದನ್ನು ಬಿಟ್ಟು, ಇಷ್ಟು ದಿನ ಅಪ್ಪನಿಗೆ ಇದ್ದದ್ದು ಬರೀ ಅನುಮಾನ, ಈಗ ನೆನಪೇ ಇದೆ, ನಾನು ಕೊಟ್ಟ ನೆನಪು. ಇಲ್ಲಪ್ಪಾ, ಅದು ನಾನು, ನನ್ನ ಉಗುರು, ನನ್ನ ಕೋಟು, ಬರೆದುಕೊಡ್ತೀನಿ ಬೇಕಾದ್ರೆ, ಅಪ್ಪ ನನ್ನ ತಲೆ ಸವರುತ್ತಾನೆ, ಬರಿ, ಬರೀತೀಯ ಅಂತ ಗೊತ್ತು ಪುಟ್ಟಿ, ಅಪ್ಪನ್ನ ಉಳಿಸೋಕೆ ಏನು ಬೇಕಾದ್ರೂ ಹೇಳ್ತೀಯ, ನಿನ್ನ ಮನಸ್ಸು ಒಳ್ಳೇದು, ಆದ್ರೆ ನಾನು ಮಾಡಿದ್ದು ನಂದೇ, ಅಲಾರಂ ಕೂಗುತ್ತಲೇ ಇದೆ, ಅಪ್ಪಾ ಕೇಳು, ನಾನು, ನಾನು — ಅವನು ಅಳುತ್ತಿಲ್ಲ, ಕೈ ನನ್ನ ತಲೆಯ ಮೇಲಿದೆ, ಮುಖ ಮೇಲಕ್ಕೆತ್ತಿದ್ದಾನೆ, ಅಪ್ಪನ ಮುಖ, ಮೇಲಕ್ಕೆ, ಛಾವಣಿಯ ಕಡೆ.