ಹುಣ್ಣಿಮೆಯ ಮಳೆ

ಲೂಕನ್ ಊರಿನ ಆ ಮನೆಯಲ್ಲಿ ಮಳೆ ಬಂತೇ ಎಂದು ಯಾರಾದರೂ ಕೇಳಿದರೆ, ಅದು ಕಿಟಕಿಯಾಚೆಯ ಮಳೆಯ ಮಾತಲ್ಲ. ಐರ್ಲೆಂಡಿನ ಮಳೆ ಕರೆಯದೆ ಬರುವ ನೆಂಟ, ಅದನ್ನು ವಿಚಾರಿಸುವವರು ಯಾರು? ಪ್ರಕೃತಿ ಎದ್ದವಳೇ ಲ್ಯಾಪ್‌ಟಾಪ್ ತೆರೆದು ನೋಡುತ್ತಿದ್ದದ್ದು ಪೆಸಿಫಿಕ್ ಸಾಗರದ ನಡುವೆ ಸಾಲಾಗಿ ಚದುರಿ ಬಿದ್ದಿರುವ ಪುಟ್ಟ ದ್ವೀಪಗಳ ಮಳೆಯನ್ನು. ಯಾವ ದ್ವೀಪಕ್ಕೆ ಈ ಋತುವಿನಲ್ಲಿ ಮಳೆ, ಯಾವುದಕ್ಕೆ ಬರ ಎಂದು ಅಂದಾಜು ಕಟ್ಟಿ ಕಳಿಸುವುದು ಅವಳ ಕೆಲಸ. ಅಲ್ಲಿ ನದಿಯಿಲ್ಲ, ಕೆರೆಯಿಲ್ಲ, ದಡದಲ್ಲಿ ನಾಲ್ಕಾರು ಬಾವಿಗಳಿದ್ದರೂ ಅವು ಸಾಲವು. ಸೂರಿನ ನೀರು ತೊಟ್ಟಿಗೆ ಇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತೊಟ್ಟಿ ಬತ್ತಿದ ಕಡೆಗೆ ನೀರು ಒಯ್ಯಲು ಎಲ್ಲ ದ್ವೀಪಗಳಿಗೂ ಸೇರಿ ಇದ್ದದ್ದು ಒಂದೇ ಹಡಗು.

ಈ ಸಲ ಅದು ಬರೀ ಕೆಲಸವಾಗಿ ಉಳಿದಿರಲಿಲ್ಲ. ಅವಳ ಗಂಡ ಸ್ಕಂದ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವನ್ನು ರಿಪೇರಿ ಮಾಡಲು ಉತ್ತರದ ತುದಿಯ ದ್ವೀಪಕ್ಕೆ ಹೋಗಿದ್ದ. "ಮಷೀನ್ ಏಳೋ ತರ ಕಾಣ್ತಿಲ್ಲ ಕಣೇ. ಮಳೆ ಬಂದ್ರೆ ಎಲ್ಲಾರೂ ಬಚಾವ್," ಎಂದದ್ದೇ ಅವನ ಕೊನೆಯ ಮಾತು. ಆಮೇಲೆ ಅಲ್ಲಿದ್ದ ಒಂದೇ ಟವರ್ ಕೆಟ್ಟು ಫೋನು ನಿಂತುಹೋಯಿತು. ದ್ವೀಪದಿಂದ ಹೊರಗೆ ಸುದ್ದಿ ಕಳಿಸುತ್ತ ಉಳಿದದ್ದು ದೋಣಿ ಕಟ್ಟುವ ಜೆಟ್ಟಿಯ ಮೇಲಿನ ಮಳೆಮಾಪಕ ಮಾತ್ರ. ಅದಕ್ಕೆ ಅದರದೇ ಬ್ಯಾಟರಿ, ಅದರದೇ ಉಪಗ್ರಹ ಸಂಪರ್ಕ.

ಹೀಗಾಗಿ ಆ ಡಬ್ಬಿಯೇ ಅವಳಿಗೆ ಗಂಡನ ಕ್ಷೇಮಸಮಾಚಾರವಾಯಿತು. ಸೊನ್ನೆ ಕಂಡ ದಿನ ಮತ್ತೆ ಮತ್ತೆ ತೆರೆದು ನೋಡುತ್ತಿದ್ದಳು. ಮಳೆ ಎಂದು ಕಂಡ ದಿನ ಓಡಿಹೋಗಿ, ಮೂರು ತಿಂಗಳ ವೀಸಾದ ಮೇಲೆ ಬಂದಿದ್ದ ಅತ್ತೆ ರಾಜಮ್ಮನಿಗೆ ಹೇಳುತ್ತಿದ್ದಳು. ಉಪಗ್ರಹದ ಚಿತ್ರದಲ್ಲಿ ಮೋಡ ಕಾಣುತ್ತಿರಲಿಲ್ಲ, ನಿಜ. ಅಂಗೈಯಗಲದ ದ್ವೀಪಕ್ಕೆ ಒಂದು ತುಂಡು ಮೋಡ ಸಾಕು, ಅದು ಚಿತ್ರಕ್ಕೆ ಸಿಕ್ಕಿರಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಬೇಕಾದ್ದನ್ನು ನಂಬಲು ಓದಿದವರಿಗೆ ಕಾರಣಗಳ ಬರವೇ?

ದಕ್ಷಿಣದ ದ್ವೀಪಗಳಲ್ಲೂ ತೊಟ್ಟಿಗಳು ಇಳಿದಿದ್ದವು. ಹಡಗು ಮೊದಲು ಎಲ್ಲಿಗೆ ಹೋಗಬೇಕು ಎಂದು ಅವಳ ಮೇಲಧಿಕಾರಿ ಊನಾ ಮೀಟಿಂಗಿನಲ್ಲಿ ಕೇಳಿದಾಗ ಪ್ರಕೃತಿಗೆ ಮುಜುಗರವಾಯಿತು. ಉತ್ತರಕ್ಕೆ ಎಂದರೆ ಗಂಡನಿಗಾಗಿ ಹಡಗು ತಿರುಗಿಸಿದಳು ಎಂದಾರು. ಮಾಪಕದ ಲೆಕ್ಕದಲ್ಲಿ ತೊಟ್ಟಿ ತುಂಬುವಷ್ಟು ಮಳೆಯಂತೂ ಬಿದ್ದಿದೆ. "ಉತ್ತರಕ್ಕೆ ಅವಸರವಿಲ್ಲ, ದಕ್ಷಿಣ ಮೊದಲು," ಎಂದುಬಿಟ್ಟಳು. "ಗ್ರ್ಯಾಂಡ್," ಎಂದು ಐರಿಷ್ ಧಾಟಿಯಲ್ಲಿ ಒಪ್ಪಿದಳು ಊನಾ. ಹಡಗು ದಕ್ಷಿಣಕ್ಕೆ ಹೊರಟಿತು.

ಅದರ ಮರುದಿನ ಹುಣ್ಣಿಮೆ. ರಾಜಮ್ಮ ಬೆಳಗ್ಗೆಯೇ ಸತ್ಯನಾರಾಯಣ ಪೂಜೆ ಮುಗಿಸಿ, ಸಜ್ಜಿಗೆಯ ಬಟ್ಟಲು ಹಿಡಿದು ಸೊಸೆಯ ಮೇಜಿಗೆ ಬಂದರು.

"ಇವತ್ತು ಅಲ್ಲಿ ಮಳೆ ಬಂದಿರತ್ತೆ, ನೋಡು ಬೇಕಾದ್ರೆ."

ಪ್ರಕೃತಿ ನೋಡಿದಳು. ಬಂದಿತ್ತು.

"ನಾನ್ ಹೇಳ್ಲಿಲ್ವಾ?" ರಾಜಮ್ಮನ ಮುಖ ಅರಳಿತು. "ಹೋದ್ ಹುಣ್ಣಿಮೆಗೆ ಪೂಜೆ ಮಾಡ್ದೆ, ಬಂತು. ಅಮಾವಾಸ್ಯೆಗೆ ಅವನ ಫೋಟೋಗೆ ನಿಂಬೆಹಣ್ಣು ನಿವಾಳಿಸ್ದೆ, ಬಂತು. ಇವತ್ತೂ ಬಂತು. ಮಧ್ಯದಲ್ಲಿ ಒಂದಿನಾನಾದ್ರೂ ಬಂತಾ, ಹೇಳು? ನಿಮ್ ಕಂಪ್ಯೂಟರ್‌ಗಿಂತ ನಮ್ ದೇವರೇ ವಾಸಿ."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ ಎಂದು ಪ್ರಕೃತಿ ನಕ್ಕಳು. ಸಜ್ಜಿಗೆಯನ್ನು ಬಾಯಿಗಿಟ್ಟಳು. ಅದು ಬಾಯಲ್ಲೇ ನಿಂತಿತು.

ಹುಣ್ಣಿಮೆ, ಅಮಾವಾಸ್ಯೆ, ಹುಣ್ಣಿಮೆ. ಮೋಡಕ್ಕೆ ಪಂಚಾಂಗವಿಲ್ಲ. ಪಂಚಾಂಗ ನೋಡಿಕೊಂಡು ಉಬ್ಬುವುದು ಸಮುದ್ರ.

ಆ ದ್ವೀಪದ ಉಬ್ಬರದ ವೇಳೆಗಳನ್ನು ತೆಗೆದು ಮಳೆಯ ವೇಳೆಗಳ ಪಕ್ಕದಲ್ಲಿಟ್ಟಳು. ಒಂದೂ ತಪ್ಪಿರಲಿಲ್ಲ. ದೊಡ್ಡ ಉಬ್ಬರ ಏರಿದಾಗಲೆಲ್ಲ ಅಲೆ ಜೆಟ್ಟಿಗೆ ಬಡಿದು, ಹಾರಿ, ಮಾಪಕದ ಬಾಯಿಗೆ ಬಿದ್ದಿತ್ತು. ಅವಳು ಇಷ್ಟು ದಿನ ಸಂಭ್ರಮಪಟ್ಟದ್ದು ಸಮುದ್ರದ ಉಪ್ಪುನೀರಿಗೆ. ಆಕಾಶದಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಅಲೆ ಅಷ್ಟು ಮೇಲಕ್ಕೆ ಹಾರಿದ್ದರೆ ದಡದ ಬಾವಿಗಳಿಗೂ ಉಪ್ಪು ಇಳಿದಿರಬೇಕು.

"ಅತ್ತೆ, ಅದು ಮಳೆಯಲ್ಲ," ಎಂದು ಹೇಗೋ ಬಿಡಿಸಿ ಹೇಳಿದಳು.

ರಾಜಮ್ಮ ತಮ್ಮ ದೇವರ ಪರವಾಗಿ ವಾದಿಸಲಿಲ್ಲ. ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಹಂಗಾದ್ರೆ ಇಷ್ಟು ದಿನ ನನ್ ಮಗ ಏನ್ ಕುಡೀತಿದಾನೆ?" ಎಂದು ಕೇಳಿದರು.

ಪ್ರಕೃತಿ ಊನಾಗೆ ಫೋನ್ ಮಾಡಿ, ಹಡಗನ್ನು ಉತ್ತರಕ್ಕೆ ತಿರುಗಿಸಬೇಕು ಎಂದಳು. ಊನಾ ಎಲ್ಲವನ್ನೂ ಕೇಳಿಸಿಕೊಂಡಳು. ಹಡಗು ಅರ್ಧ ದಾರಿಯಲ್ಲಿದೆ, ಈಗ ತಿರುಗಿಸಿದರೆ ದಕ್ಷಿಣದವರು ಕಾಯಬೇಕು ಎಂದಳು. "ಇದನ್ನು ಕೇಳುತ್ತಿರುವುದು ನಮ್ಮ ಪ್ರಕೃತಿಯೋ, ಅವನ ಹೆಂಡತಿಯೋ?"

"ಹೆಂಡತಿ ಅಂತ ಅನ್ನಿಸಿಕೊಳ್ಳೋಕೆ ಹೆದರಿದ್ದೇ ನನ್ನ ತಪ್ಪು, ಊನಾ. ತಿರುಗಿಸಿ."

ಹಡಗು ತಿರುಗಿತು. ಆಮೇಲಿನ ದಿನಗಳನ್ನು ಅತ್ತೆ ಸೊಸೆ ಹೇಗೆ ಕಳೆದರೋ ಅವರಿಗೇ ಗೊತ್ತು. ಲೂಕನ್ನಿನಲ್ಲಿ ಮಳೆ ಬಿಡದೆ ಹೊಡೆಯಿತು. ಪ್ರಕೃತಿ ನಲ್ಲಿ ತಿರುಗಿಸಿದಾಗಲೆಲ್ಲ ಆ ಸದ್ದಿಗೇ ಬೆದರಿ ಬೇಗ ಮುಚ್ಚುತ್ತಿದ್ದಳು. ರಾಜಮ್ಮ ದೇವರ ಮುಂದೆ ಕೂರುವುದನ್ನು ಬಿಟ್ಟು ಫೋನಿನ ಮುಂದೆ ಕೂತರು.

ಒಂದು ಮಧ್ಯಾಹ್ನ ಹಡಗಿನ ಫೋನಿನಿಂದ ಕರೆ ಬಂತು. ಪ್ರಕೃತಿ ಸ್ಪೀಕರ್ ಹಾಕಿದಳು. ಸ್ಕಂದನ ದನಿ ಒಣಗಿ ಬಿರುಕು ಬಿಟ್ಟಿತ್ತು, ಆದರೆ ಅವನದೇ. ರಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

"ನಾನ್ ಚೆನ್ನಾಗಿದೀನಿ, ನೀರ್ ಸಿಕ್ತು," ಎಂದ. "ಆದ್ರೆ ಇಲ್ಲಿ ಬಾವಿ ಎಲ್ಲಾ ಉಪ್ಪಾಗೋಗಿತ್ತು ಕಣೇ, ಅದನ್ನೇ ಕುಡಿದು ಊರಿಗೆ ಊರೇ ಮಲಗಿದೆ. ಯಾವನೋ ಇಲ್ಲಿ ಮಳೆ ಬಂದಿದೆ ಅಂತ ಹೇಳ್ಬಿಟ್ಟಿದ್ನಂತೆ, ಅದಕ್ಕೇ ಹಡಗು ಮೊದಲು ಬೇರೆ ಕಡೆ ಹೋಯ್ತಂತೆ. ಅವನ್ನ ತಂದು ಇಲ್ಲಿ ಕೂರಿಸ್ಬೇಕು."

ಬೇಡ, ಇವತ್ತು ಬೇಡ ಎಂದು ರಾಜಮ್ಮ ಕೈಸನ್ನೆ ಮಾಡಿದರು. ಪ್ರಕೃತಿಗೆ ತಡೆಯಲಾಗಲಿಲ್ಲ.

"ಹಾಗೆ ಹೇಳಿದ್ದು ನಾನು, ಸ್ಕಂದ."

ಅವನು ದನಿ ತಗ್ಗಿಸಿದ, ಪಕ್ಕದಲ್ಲಿ ಯಾರೋ ಇದ್ದಾರೆ ಎಂಬಂತೆ.

"ನೆನ್ನೆ ಒಂದು ಮಗುನ ಮಣ್ಣು ಮಾಡಿದ್ರು. ಮಳೆ ಬಂದಿದೆ ಅಂದಿದ್ದು ನೀನು ಅಂತ ನಾನು ಇಲ್ಲಿ ಯಾರಿಗೂ ಹೇಳಲ್ಲ."

ಪ್ರಕೃತಿ ಲ್ಯಾಪ್‌ಟಾಪ್ ತೆರೆದು, ಆ ದ್ವೀಪದ ಮೂರು ಮಳೆಗಳನ್ನೂ ಅಳಿಸಿ ಸೊನ್ನೆ ಬರೆದಳು.