ಕಲ್ಲವ್ವನ ತರಬೇತಿ

೧೯೬೨ರಲ್ಲಿ ಶಿರಸಿಯ ಮಹಿಳಾ ಮಂಡಳವೊಂದಕ್ಕೆ ಸರ್ಕಾರದ ಅನುದಾನ ಬಂತು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಹೆಂಗಸರಿಗೆ ಅದರಿಂದ ಸಂಬಳ ಸಿಗುವುದಿತ್ತು. ಆದರೆ ಮೊದಲು ಹುಬ್ಬಳ್ಳಿಯಲ್ಲಿ ತರಬೇತಿ ಪಡೆಯಬೇಕಿತ್ತು. ಬನವಾಸಿಯ ಕಲ್ಲವ್ವನಿಗೆ ಸಿಟ್ಟು ಬಂತು. ಲಕ್ವ ಹೊಡೆದ ಅದೇ ಊರಿನ ಶಿವಲಿಂಗಪ್ಪನನ್ನು ವರ್ಷದಿಂದ ನೋಡಿಕೊಂಡು ಬಂದವಳಿಗೆ ಇನ್ನೇನು ಕಲಿಸುತ್ತಾರೆ? ಆದರೂ ಬಸ್ಸು ಹತ್ತಿದಳು.

ಅಲ್ಲಿ ಕಲಿಸುತ್ತಿದ್ದ ನರ್ಸಮ್ಮ ಒಂದು ದಿನ ಅವಳನ್ನೇ ರೋಗಿಯಂತೆ ಮಂಚದ ಮೇಲೆ ಮಲಗಿಸಿ, "ಕೈಕಾಲು ಆಡಿಸಬಾರದು, ಮಾತಾಡಬಾರದು" ಎಂದರು. ಜೊತೆಯವಳೊಬ್ಬಳು ಗಂಜಿ ಕುಡಿಸತೊಡಗಿದಳು. ಒಂದು ಗುಟುಕು ನುಂಗುವ ಮೊದಲೇ ಇನ್ನೊಂದು ಚಮಚ ಬಾಯಿಗೆ ಬರುತ್ತಿತ್ತು. ಕುಡಿಸುವವಳ ಕಣ್ಣು ಕಿಟಕಿಯ ಕಡೆಗಿತ್ತು. ತಾನೂ ಹೀಗೇ ಮಾಡುತ್ತಿದ್ದೆನಲ್ಲ ಎಂದು ಕಲ್ಲವ್ವನಿಗೆ ಅಳು ಬಂತು.

ಊರಿಗೆ ಮರಳಿದವಳು ಶಿವಲಿಂಗಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿ, ಎದುರಿಗೆ ಕುಳಿತಳು.

"ಯಜಮಾನ್ರ, ಇವತ್ತ ಏನ್ ಉಣ್ತೀರಿ?"

"ಅವ್ರಿಗೆಲ್ಲಿ ಮಾತು ಬರ್ತೈತಿ? ಗಂಜಿ ಕೊಡು," ಎಂದಳು ಅವನ ಹೆಂಡತಿ ಸಾವಿತ್ರವ್ವ.

"ಸ್ವಲ್ಪ ತಡೀರಿ, ಅಕ್ಕಾರ."

ಶಿವಲಿಂಗಪ್ಪನ ತುಟಿ ಸೊಟ್ಟಗೆ ಅಲುಗಿತು. ಕಲ್ಲವ್ವ ಕಾದಳು. ಬಹಳ ಹೊತ್ತಿನ ಮೇಲೆ "ರೊ...ಟ್ಟಿ" ಎಂಬ ಮಾತು ಹೊರಬಂತು.

ಸಾವಿತ್ರವ್ವ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಕಲ್ಲವ್ವ ಬಿಸಿ ರೊಟ್ಟಿಯನ್ನು ಬೇಳೆಸಾರಿನಲ್ಲಿ ಮೆತ್ತಗೆ ಕಿವುಚಿ, ಅವನ ಮುಖ ನೋಡುತ್ತ ನಿಧಾನವಾಗಿ ಉಣ್ಣಿಸಿದಳು. ಅರ್ಧ ರೊಟ್ಟಿ ಮುಗಿದಾಗ ಅವನು ಮುಖ ಗಂಟಿಕ್ಕಿ, "ಉ...ಪ್ಪು" ಎಂದ.

ಸಾವಿತ್ರವ್ವ ನಕ್ಕುಬಿಟ್ಟಳು. "ಅಡಗಿಯೊಳಗ ತಪ್ಪು ಹುಡಕಾಕ ಶುರು ಮಾಡಿದ್ರು. ಇನ್ನ ಹುಷಾರಾಗ್ತಾರ ಬಿಡು, ಕಲ್ಲವ್ವಾ!"